ಎರಡು ಗಂಟೆ ಮೂವತ್ತೈದು ನಿಮಿಷ

ದೆಹಲಿಯಿಂದ ಬೆಂಗಳೂರಿಗೆ ಆಕಾಶಮಾರ್ಗದಲ್ಲಿ ಸಾವಿರದ ಏಳುನೂರು ಕಿಲೋಮೀಟರು, ಮೇಲೆ ಚಿಲ್ಲರೆ. ಹಾರುವ ಹೊತ್ತು ಎರಡು ಗಂಟೆ ಮೂವತ್ತೈದು ನಿಮಿಷ. ಬೊಂಬಾಯಿಯಿಂದಾದರೆ ಒಂದೂವರೆ ಗಂಟೆ. ಮದರಾಸಿನಿಂದ ಮುಕ್ಕಾಲು ಗಂಟೆ; ಕೊಟ್ಟ ಕಾಫಿ ಕುಡಿದು ಮುಗಿಸುವುದರೊಳಗೆ ಬೆಲ್ಟು ಕಟ್ಟಿಕೊಳ್ಳಿ ಎನ್ನುತ್ತಾರಂತೆ. ಅಂತೆ ಎಂದೆ, ಏಕೆಂದರೆ ನಾನು ವಿಮಾನ ಹತ್ತಿದವನಲ್ಲ, ಹತ್ತಿಸುವವನು. ನಗುವುದಾದರೆ ಈಗಲೇ ನಕ್ಕುಬಿಡಿ, ಮುಂದೆ ನಗುವಂಥದ್ದೇನೂ ಇಲ್ಲ.

ಪೀಣ್ಯ ಎರಡನೇ ಹಂತದಲ್ಲಿ ಪಂಪು ತಯಾರಿಸುವ ಒಂದು ಕಾರ್ಖಾನೆಯಿದೆ. ಇದು ನಡೆದಾಗ ಅಲ್ಲಿ ನಾನು ಹದಿನೇಳು ವರ್ಷದಿಂದ ಟ್ರಾವೆಲ್ ಸೆಕ್ಷನ್ನಿನ ಗುಮಾಸ್ತನಾಗಿದ್ದೆ. ಇಂಜಿನಿಯರುಗಳು ಎಲ್ಲಿಗೆ ಹೋಗಬೇಕಾದರೂ ಟಿಕೆಟ್ಟು ನನ್ನ ಕೈಯಿಂದಲೇ ಹೋಗಬೇಕು. ಯಾವ ಊರಿಂದ ಯಾವ ಊರಿಗೆ ಎಷ್ಟು ಹೊತ್ತಿಗೆ ವಿಮಾನ, ನಡುವೆ ಎಲ್ಲಿ ಇಳಿಯುತ್ತದೆ, ವಾರದಲ್ಲಿ ಯಾವ ದಿನ ಇರುವುದಿಲ್ಲ, ಎಲ್ಲವೂ ನನಗೆ ಬಾಯಿಪಾಠ. ವೇಳಾಪಟ್ಟಿಯ ಪುಸ್ತಕ ತೆರೆಯುವ ಪೈಕಿ ನಾನಲ್ಲ. ಜನರಲ್ ಮ್ಯಾನೇಜರು ಕೂಡ ಬಾಗಿಲಲ್ಲಿ ನಿಂತು, ‘ಈರಣ್ಣ, ನಾಳೆ ಕಲ್ಕತ್ತಾ?’ ಎಂದರೆ ಸಾಕು, ನಾನು ತಲೆ ಎತ್ತದೆ ಹೇಳುತ್ತಿದ್ದೆ. ತಲೆ ಎತ್ತದೆ ಹೇಳುವುದರಲ್ಲಿ ಒಂದು ಮಜಾ ಇತ್ತು. ಜಂಬ ಎನ್ನಿ, ನಾನು ಅಲ್ಲ ಎನ್ನುವುದಿಲ್ಲ.

ನಮ್ಮದು ರಾಣೆಬೆನ್ನೂರು. ಕೆಲಸಕ್ಕೆಂದು ಬಂದು ಚಿಕ್ಕಬಾಣಾವರದಲ್ಲಿ ರೈಲು ನಿಲ್ದಾಣದ ಹಿಂದೆ ಮನೆ ಮಾಡಿದ್ದೆವು. ನಾನು, ಹೆಂಡತಿ ಸುಮಂಗಲಾ, ಮತ್ತು ನನ್ನ ಅತ್ತಿಗೆ ಗೌರಮ್ಮ. ಅತ್ತಿಗೆ ಎಂದರೆ ಅಣ್ಣನ ಹೆಂಡತಿ ಎಂದಷ್ಟೇ ತಿಳಿಯಬೇಡಿ. ನಮ್ಮ ತಾಯಿ ಸತ್ತಾಗ ನನಗೆ ಆರು ವರ್ಷ. ಆಗಷ್ಟೇ ಮದುವೆಯಾಗಿ ಬಂದಿದ್ದ ಹದಿನೇಳರ ಹುಡುಗಿ ನನ್ನನ್ನು ಮಡಿಲಿಗೆ ಹಾಕಿಕೊಂಡಳು. ರೊಟ್ಟಿ ಮುರಿದು ಬಾಯಿಗಿಟ್ಟವಳು, ಜ್ವರ ಬಂದಾಗ ಮಗ್ಗುಲಲ್ಲಿ ಕೂತವಳು, ಮೂರನೇ ಇಯತ್ತೆಯಲ್ಲಿ ಫೇಲಾದಾಗ ಕಪಾಳಕ್ಕೆ ಬಾರಿಸಿದವಳು ಅವಳೇ. ಅವಳ ಸ್ವಂತ ಮಗಳು ಶೈಲಜಾ ಹುಟ್ಟಿದ್ದು ಆಮೇಲೆ ಎಷ್ಟೋ ವರ್ಷಕ್ಕೆ. ಅಣ್ಣ ತೀರಿಕೊಂಡ ಮೇಲೆ ನಾನೇ ಅತ್ತಿಗೆಯನ್ನು ಬೆಂಗಳೂರಿಗೆ ಕರೆತಂದೆ. ಶೈಲಜಾ ಮದುವೆಯಾಗಿ ದೆಹಲಿಯಲ್ಲಿದ್ದಳು, ಗಂಡ ವಿನಾಯಕನಿಗೆ ಅಲ್ಲಿ ಕೇಂದ್ರ ಸರ್ಕಾರದ ಕೆಲಸ.

ತೊಂಬತ್ತಾರನೇ ಇಸವಿ, ಡಿಸೆಂಬರ್ ತಿಂಗಳು. ಬೆಳಗ್ಗೆ ಐದೂವರೆಗೆ ಅತ್ತಿಗೆ ಎದ್ದು ಮುಖ ತೊಳೆದು, ಲಿಂಗಪೂಜೆಗೆ ನೀರು ತುಂಬಿಟ್ಟು, ‘ಸುಮಾ, ಯಾಕೋ ಎದಿ ಹಿಡದಂಗ ಆಗೇತಿ’ ಎಂದು ಗೋಡೆಗೆ ಒರಗಿದಳಂತೆ. ಸುಮಂಗಲಾ ಕೂಗಿಕೊಂಡಳು. ನಾನು ಅತ್ತಿಗೆಯ ಹತ್ತಿರವೂ ನಿಲ್ಲದೆ ಡಾಕ್ಟರನ್ನು ಕರೆಯಲು ಓಡಿದೆ. ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಇಷ್ಟು ವರ್ಷ ನನ್ನನ್ನು ಸಾಕಿದವಳು ಅರ್ಧ ಗಂಟೆಯೂ ಕೊಡಲಿಲ್ಲ. ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಅಂತ ಕೇಳಬೇಡಿ.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೈ ಬಿಗಿಯುವ ಮೊದಲೇ ಪದ್ಮಾಸನ ಹಾಕಿ ಗೋಡೆಗೆ ಒರಗಿಸಿ ಕೂರಿಸಬೇಕು. ಕೈಯಲ್ಲಿ ಲಿಂಗ, ಹಣೆಗೆ ವಿಭೂತಿ. ಹಾಗೆ ಕೂತ ಸ್ಥಿತಿಯಲ್ಲೇ ಮಣ್ಣಿಗೆ ಕೊಡುವುದು. ಅದೂ ಹೊತ್ತು ಮುಳುಗುವುದರೊಳಗೆ ಆಗಬೇಕೆಂಬುದು ನಮ್ಮ ಮನೆತನದ ರೂಢಿ. ಮಂಚದ ಮೇಲೆ ಐಸ್ ಇಟ್ಟು ಎರಡು ದಿನ ಕಾಯುವ ಪದ್ಧತಿ ನಮ್ಮದಲ್ಲ. ಪಕ್ಕದ ಮನೆಯವರು ಬಂದರು, ಸುಮಂಗಲಾ ಕಾಲು ಮಡಿಸಿದಳು, ನಾನು ಹಿಂದಿನಿಂದ ಭುಜ ಹಿಡಿದೆ. ತಲೆ ನನ್ನ ಎದೆಗೆ ಒರಗಿತ್ತು. ನಡುಮನೆಯಲ್ಲಿ ಗೋಡೆ ಗಡಿಯಾರದ ಕೆಳಗೆ ಕೂರಿಸಿದೆವು.

ಕೂರಿಸಿದ ಕೂಡಲೇ ಫೋನಿಗೆ ಓಡಿದೆ. ನಮ್ಮ ಮನೆಯಲ್ಲಿ ಫೋನಿರಲಿಲ್ಲ. ಮೂಲೆಯಲ್ಲಿ ಲಕ್ಷ್ಮಣಪ್ಪನ ದಿನಸಿ ಅಂಗಡಿ, ಅಲ್ಲಿ ಎಸ್‌ಟಿಡಿ ಫೋನು. ಶೈಲಜಾಳ ಬಳಿ ಇದ್ದದ್ದೂ ಅದೇ ನಂಬರು. ಲಕ್ಷ್ಮಣಪ್ಪ ಇನ್ನೂ ಹಲ್ಲುಜ್ಜುತ್ತಿದ್ದ. ನನ್ನ ಮುಖ ನೋಡಿ ಏನೂ ಕೇಳದೆ ಬಾಗಿಲು ತೆಗೆದ. ದೆಹಲಿಯಲ್ಲಿ ಎರಡನೇ ರಿಂಗಿಗೇ ಎತ್ತಿದಳು. ಹೇಳಿದೆ. ಅವಳು ಕಿರುಚಿದ್ದು ಅಂಗಡಿಯ ಹೊರಗೆ ನಿಂತಿದ್ದ ಲಕ್ಷ್ಮಣಪ್ಪನಿಗೂ ಕೇಳಿಸಿತು.

‘ಕಾಕಾ, ನಾ ಬರೂತನ ಅವ್ವನ್ನ ಇಟ್ಟಿರ್ರಿ. ನಾ ಮುಖಾ ನೋಡಬೇಕು.’

‘ಇಟ್ಟಿರ್ತೀನಿ ಶೈಲಾ. ನನ್ನ ಮಾತು.’

‘ಇವರು ಟೂರ್ ಮ್ಯಾಲೆ ಹೋಗ್ಯಾರ. ನಾ ಒಬ್ಬಾಕಿನ ಬರ್ತೀನಿ. ಮದ್ಲ ಯಾವ ವಿಮಾನ ಬಿಡತೈತಿ?’

ಆಗ ನೋಡಿ, ನನ್ನೊಳಗಿನ ಗುಮಾಸ್ತ ಎದ್ದು ಕೂತ. ಒಂಬತ್ತು ನಲವತ್ತೈದಕ್ಕೆ ಒಂದು ಇತ್ತು. ಆದರೆ ಅದು ನಾಗಪುರದಲ್ಲಿ ಇಳಿದು, ಹೈದರಾಬಾದಿನಲ್ಲಿ ಇಳಿದು, ಬೆಂಗಳೂರು ಮುಟ್ಟುವುದು ಎರಡು ಮೂವತ್ತೈದಕ್ಕೆ. ಹೀಗೆ ಇಳಿದು ಹತ್ತಿ ಬರುವುದಕ್ಕೆ ನಮ್ಮಲ್ಲಿ ಹಾಪಿಂಗ್ ಫ್ಲೈಟು ಎನ್ನುತ್ತೇವೆ. ಇನ್ನೊಂದು ನೇರ ವಿಮಾನ. ಹನ್ನೊಂದು ನಲವತ್ತಕ್ಕೆ ಬಿಟ್ಟು ಎರಡು ಕಾಲಿಗೆ ಇಲ್ಲಿ. ಎರಡು ಗಂಟೆ ತಡವಾಗಿ ಹೊರಟರೂ ಇಪ್ಪತ್ತು ನಿಮಿಷ ಮುಂಚೆ ಮುಟ್ಟುತ್ತದೆ. ನಾನು ಇದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ.

‘ಅದು ಬಸ್ಸಿನಂಗ ಊರೂರಿಗೆ ನಿಂತು ಬರೂ ವಿಮಾನ ಶೈಲಾ, ಅದಕ್ಕ ಹತ್ತಬ್ಯಾಡ. ಹನ್ನೊಂದು ನಲವತ್ತರದ್ದಕ್ಕ ಬಾ. ಮದ್ಲ ಬಿಡೂದು ಮುಖ್ಯ ಅಲ್ಲ, ಮದ್ಲ ಮುಟ್ಟೂದು ಮುಖ್ಯ.’

ಅವಳು ಹೂಂ ಎಂದಳು. ಹೂಂ ಎಂದಳು ಎಂದು ನಾನು ತಿಳಿದೆ. ಅಳುವವರು ಎಳೆದುಕೊಳ್ಳುವ ಉಸಿರೂ ಫೋನಿನಲ್ಲಿ ಹಾಗೇ ಕೇಳಿಸುತ್ತದೆ. ಆದರೆ ಅಷ್ಟು ಯೋಚಿಸುವ ವ್ಯವಧಾನ ಯಾರಿಗಿತ್ತು? ಫೋನಿಟ್ಟು ರಾಣೆಬೆನ್ನೂರಿಗೆ ಹಚ್ಚಿದೆ. ಅಲ್ಲಿನ ಬಂಧುಗಳು ಟೆಂಪೋ ಮಾಡಿಕೊಂಡು ಹೊರಡುತ್ತೇವೆ, ಎರಡರ ಹೊತ್ತಿಗೆ ಬರುತ್ತೇವೆ ಎಂದರು.

ಎಂಟು ಗಂಟೆಗೆ ಅಯ್ಯನವರು ಬಂದರು. ನಮ್ಮ ಕಡೆಯ ಜಂಗಮರು, ದಾಸರಹಳ್ಳಿಯಲ್ಲಿ ಇರುವವರು. ಪೀಣ್ಯದ ಸುತ್ತಮುತ್ತ ನಮ್ಮವರ ಮನೆಯಲ್ಲಿ ಸಾವಾಗಲಿ ಮದುವೆಯಾಗಲಿ ಅವರೇ. ವಿಭೂತಿ ಹಚ್ಚಿ, ಪತ್ರೆ ಏರಿಸಿ, ಭಜನೆಯವರನ್ನು ಕೂರಿಸಿ, ನನ್ನ ಕಡೆ ತಿರುಗಿದರು.

‘ಮಗಳು ಬರ್ತಾಳೇನ್ರಿ ಈರಣ್ಣಾರ? ಎಷ್ಟೊತ್ತಿಗೆ?’

ನಡುಮನೆಯಲ್ಲಿ ಮೂವತ್ತು ಜನ. ಸುದ್ದಿ ತಿಳಿದು ಕಾರ್ಖಾನೆಯಿಂದ ಬಂದ ಇಂಜಿನಿಯರುಗಳೂ ಇದ್ದರು. ನಾನು ಎದ್ದು ನಿಂತೆ. ನಿಲ್ಲಬೇಕಾಗಿರಲಿಲ್ಲ, ಆದರೂ ನಿಂತೆ.

‘ಹನ್ನೊಂದು ನಲವತ್ತಕ್ಕ ದಿಲ್ಲಿ ಬಿಡತೈತ್ರಿ. ಎರಡು ತಾಸು ಮೂವತ್ತೈದು ನಿಮಿಷ. ಎರಡೂ ಕಾಲಿಗೆ ಇಲ್ಲೆ ಇಳೀತಾಳ. ಏರ್‌ಪೋರ್ಟಿಂದ ಮನಿಗೆ ಒಂದೂವರಿ ತಾಸು. ನಾಕಕ್ಕ ಕಾಲು ತಾಸು ಕಡಿಮಿ, ಬಾಗಿಲದಾಗ ಇರ್ತಾಳ.’

‘ಹಂಗಾದ್ರ ನಾಕೂವರಿಗೆ ಎತ್ತೂಣು. ಹೊತ್ತಿರತನ ಎಲ್ಲಾ ಮುಗೀತೈತಿ’ ಎಂದರು ಅಯ್ಯನವರು. ಎಲ್ಲರೂ ತಲೆದೂಗಿದರು. ಒಬ್ಬ ಇಂಜಿನಿಯರು ಪಕ್ಕದವನಿಗೆ, ‘ಈರಣ್ಣ ಹೇಳಿದ್ರೆ ಮುಗೀತು ಗುರು, ಕಂಪ್ಯೂಟರ್ ಥರ’ ಎಂದದ್ದು ನನ್ನ ಕಿವಿಗೆ ಬಿತ್ತು. ಹೇಳಲು ನಾಚಿಕೆಯಾಗುತ್ತದೆ, ಹೆತ್ತ ತಾಯಿಗಿಂತ ಹೆಚ್ಚಿನವಳು ಮೂರಡಿ ದೂರದಲ್ಲಿ ಹೆಣವಾಗಿ ಕೂತಿದ್ದಾಗ ಆ ಮಾತು ನನಗೆ ಹಿತವಾಯಿತು. ಥೂ, ಇಂಥ ಮನುಷ್ಯನೂ ಇರುತ್ತಾನೆ.

ಮಲಕಪ್ಪನನ್ನು ಕುಣಿ ತೋಡಲು ಕಳಿಸಿದೆವು. ಅವನು ಬಿಜಾಪುರ ಕಡೆಯವನು, ಕಟ್ಟಡದ ಕೆಲಸಕ್ಕೆ ಬಂದು ನಮ್ಮ ಬೀದಿಯಲ್ಲೇ ಬಾಡಿಗೆಗೆ ಇದ್ದವನು, ನಮ್ಮವನೇ. ಕುಣಿಯ ಅಳತೆ ಸತ್ತವರ ಪಾದದಲ್ಲೇ ಆಗಬೇಕು. ಅವನು ಒಂದು ದಾರ ತಂದು ಅತ್ತಿಗೆಯ ಪಾದಕ್ಕೆ ಹಿಡಿದು, ಗಂಟು ಹಾಕಿ, ದಾರವನ್ನು ಕಣ್ಣಿಗೆ ಒತ್ತಿಕೊಂಡು ಹೋದ. ನಾನು ಆಗಲೂ ಗಡಿಯಾರ ನೋಡುತ್ತಿದ್ದೆ. ಒಂಬತ್ತೂಕಾಲು. ಶೈಲಜಾ ಈಗ ವಿಮಾನ ನಿಲ್ದಾಣದಲ್ಲಿ ಇರಬೇಕು, ಟಿಕೆಟ್ಟಿಗೆ ನಿಂತಿರಬೇಕು ಎಂದು ಲೆಕ್ಕ ಹಾಕಿದೆ.

ಆಮೇಲೆ ಮತ್ತೆ ಅಂಗಡಿಗೆ ಹೋದೆ. ಅಣ್ಣನ ಹಳೆಯ ಸ್ನೇಹಿತರಿಗೆ, ಹುಬ್ಬಳ್ಳಿಯ ಬೀಗರಿಗೆ, ಮತ್ತೆ ರಾಣೆಬೆನ್ನೂರಿಗೆ, ಒಂದಾದ ಮೇಲೊಂದು ಮುಕ್ಕಾಲು ಗಂಟೆ ಫೋನು ಮಾಡಿದೆ. ಪ್ರತಿಯೊಬ್ಬರಿಗೂ ಹನ್ನೊಂದು ನಲವತ್ತು, ಎರಡು ಕಾಲು ಎಂದು ವಿವರಿಸಿ ಹೇಳಿದೆ. ಲಕ್ಷ್ಮಣಪ್ಪ ಒಮ್ಮೆ, ‘ಈರಣ್ಣೋರೆ, ಒಂದು ಗಳಿಗೆ ಕೆಳಗಿಡ್ರಿ, ಅತ್ಲಾಗಿಂದ ಯಾರಾನಾ ಮಾಡ್ತಿದ್ರೆ ಎಂಗೆ?’ ಎಂದ. ಕೈಸನ್ನೆ ಮಾಡಿ ಅವನ ಬಾಯಿ ಮುಚ್ಚಿಸಿದೆ.

ಹನ್ನೆರಡಕ್ಕೆ ವಿಮಾನ ನಿಲ್ದಾಣದ ವಿಚಾರಣೆಗೆ ಫೋನು ಹಚ್ಚಿದೆ. ನಂಬರು ನನಗೆ ಬಾಯಿಗೆ ಬರುತ್ತದೆ, ದಿನಕ್ಕೆ ಹತ್ತು ಸಲ ಮಾಡುವವನು. ಹೆಣ್ಣುಮಗಳೊಬ್ಬಳು ಎತ್ತಿದಳು.

‘ಡೆಲ್ಲಿ ಡೈರೆಕ್ಟ್ ಇನ್ನೂ ಟೇಕಾಫ್ ಆಗಿಲ್ಲ ಸಾರ್. ಬರೋ ವಿಮಾನಾನೇ ಬಂದಿಲ್ಲ. ಒಂದು ಗಂಟೆ ಲೇಟ್ ಅಂತ ಹೇಳ್ತಿದ್ದಾರೆ.’

ಫೋನಿಟ್ಟು ಮತ್ತೆ ಲೆಕ್ಕ ಹಾಕಿದೆ. ಹನ್ನೆರಡು ನಲವತ್ತು, ಮೂರು ಕಾಲು, ನಾಲ್ಕು ಮುಕ್ಕಾಲು. ನಡೆಯುತ್ತದೆ. ಮನೆಗೆ ಬಂದು ಅಯ್ಯನವರಿಗೆ, ‘ಒಂದು ತಾಸು ಹೆಚ್ಚು ಕಡಿಮಿ ಆಗ್ತೈತ್ರಿ’ ಎಂದೆ. ಅವರು ‘ಆಗ್ಲಿ’ ಎಂದರು. ಬೆಳಗ್ಗೆ ತಲೆದೂಗಿದವರೇ ಈಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನಗೆ ಮೈ ಉರಿಯಿತು. ವಿಮಾನವೇನು ನಮ್ಮಪ್ಪನದೇ?

ಒಂದೂವರೆಗೆ ಮತ್ತೆ ಫೋನು. ಅದೇ ಹೆಣ್ಣುಮಗಳು.

‘ಡೈರೆಕ್ಟ್ ಫ್ಲೈಟು ಮೂರು ಗಂಟೆ ಮೇಲೇನೇ ಸಾರ್, ಅದೂ ಗ್ಯಾರಂಟಿ ಇಲ್ಲ. ವಯಾ ನಾಗಪುರ್ ಹೈದರಾಬಾದ್ ಬರ್ತಿರೋದು ಮಾತ್ರ ಅರ್ಧ ಗಂಟೆ ಲೇಟು, ಮೂರಕ್ಕೆಲ್ಲ ಇಳಿಯುತ್ತೆ.’

‘ಅದನ್ನ ಕೇಳಲಿಲ್ಲಮ್ಮ ನಾನು. ನಾನು ಕೇಳಿದ್ದು ಡೈರೆಕ್ಟು.’

‘ಸುಮ್ನೆ ಹೇಳ್ದೆ ಸಾರ್’ ಎಂದಳು ಪಾಪ.

ಮೂರು ಗಂಟೆಗೆ ಬಿಟ್ಟರೆ ಐದು ಮೂವತ್ತೈದು. ಅಲ್ಲಿಂದ ದೊಮ್ಮಲೂರು, ಮೇಖ್ರಿ ಸರ್ಕಲ್ಲು, ಯಶವಂತಪುರ, ಜಾಲಹಳ್ಳಿ ಕ್ರಾಸು. ಸಂಜೆ ಕಾರ್ಖಾನೆ ಬಿಡುವ ಹೊತ್ತು, ತುಮಕೂರು ರಸ್ತೆಯಲ್ಲಿ ಲಾರಿಗಳು ಇಂಚು ಬಿಡುವುದಿಲ್ಲ. ಏಳು ಗಂಟೆ ಏಳೂವರೆ ಆಗುತ್ತದೆ. ಹೊತ್ತು ಮುಳುಗುವುದು ಆರಕ್ಕೆ. ಅಂಗಡಿಯ ಬೆಂಚಿನ ಮೇಲೆ ಕೂತು ಮೂರು ಸಲ ಕೂಡಿಸಿದೆ. ಹೇಗೆ ಕೂಡಿಸಿದರೂ ಅದೇ ಬಂತು.

ಮನೆಗೆ ಬಂದಾಗ ರಾಣೆಬೆನ್ನೂರಿನವರ ಟೆಂಪೋ ಬಂದಿತ್ತು. ಅಂಗಳದಲ್ಲಿ ಬಿದಿರು ಕಟ್ಟಿ, ಬಾಳೆಕಂಬ ನಿಲ್ಲಿಸಿ, ಹೂವಿನ ಸರ ಇಳಿಬಿಟ್ಟು ಕೂರಿಸಿ ಒಯ್ಯುವ ಮಂಟಪ ಸಿದ್ಧ ಮಾಡುತ್ತಿದ್ದರು. ಅದಕ್ಕೂ ನಮ್ಮ ಕಡೆ ವಿಮಾನ ಎಂದೇ ಹೆಸರು. ಆ ದಿನ ಆ ಶಬ್ದ ಕೇಳಿದರೇ ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ನಾನು ಅಯ್ಯನವರನ್ನು ಪಡಸಾಲೆಯ ಮೂಲೆಗೆ ಕರೆದು ಇದ್ದದ್ದು ಹೇಳಿದೆ.

‘ನೋಡ್ರಿ ಈರಣ್ಣಾರ, ಶಾಸ್ತ್ರ ಅಂದ್ರ ಮನುಷ್ಯಾನ ಕುತ್ತಿಗಿ ಹಿಚಕಾಕ ಇರೂದಲ್ಲ. ಆಕಿ ಬರೂದು ಖಾತ್ರಿ ಇದ್ರ ಹೊತ್ತು ಮುಣಗೂತನ ಕಾಯೂಣು. ಇನ್ನ ತುಸು ದೀಪ ಹಚ್ಚಿದ್ರೂ ಹಚ್ಚೂಣು. ಮಗಳು ಮಾತು ತಗೊಂಡಿದ್ದು ನಿಮ್ಮ ಕಡಿಂದ. ನೀವ ಹೇಳ್ರಿ.’

ಸುಮಂಗಲಾ ಬಾಗಿಲ ಹಿಂದೆ ನಿಂತಿದ್ದಳು. ಅಳೆದು ತೂಗಿ ಮಾತಾಡುವ ಹೆಂಗಸು, ಒಮ್ಮೆಲೇ ಮುಂದೆ ಬಂದು, ‘ರೀ, ಆಕಿ ಆ ಇನ್ನೊಂದು ವಿಮಾನಕ್ಕ ಹತ್ತಿದ್ರ?’ ಎಂದಳು.

‘ನಾ ಬ್ಯಾಡ ಅಂದ ಮ್ಯಾಲೆ ಹತ್ತತಾಳೇನು? ವಿಮಾನದ ವಿಚಾರ ನಿನಗೇನ್ ಗೊತ್ತೈತಿ? ಸುಮ್ನ ಒಳಗ ಹೋಗು.’

ಬಂಧುಗಳೆದುರು ಅಂದುಬಿಟ್ಟೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ನಾಲಿಗೆಗೆ ಎಲುಬಿಲ್ಲ ಎನ್ನುತ್ತಾರೆ, ನನ್ನ ನಾಲಿಗೆಗೆ ಆವತ್ತು ಬುದ್ಧಿಯೂ ಇರಲಿಲ್ಲ. ಈಗ ಕೂತು ನೋಡಿದರೆ ನನಗೆ ಸ್ಪಷ್ಟವಾಗಿ ಕಾಣುತ್ತದೆ. ಬೆಳಗ್ಗೆ ಅಷ್ಟು ಜನರೆದುರು ಹೇಳಿದ ಲೆಕ್ಕ ತಪ್ಪಿಹೋಗಿತ್ತು. ಇನ್ನೊಂದು ಲೆಕ್ಕ ಕೊಟ್ಟು, ಈ ಸಲ ಮಾತ್ರ ಕರಾರುವಾಕ್ಕಾಗಿ ಕೊಟ್ಟು, ಮೊದಲಿನದನ್ನು ಮುಚ್ಚಿಹಾಕಬೇಕಿತ್ತು. ಮೂರಕ್ಕೆ ಒಂದು ವಿಮಾನ ಇಳಿಯುತ್ತದೆ ಎಂದು ಆ ಹೆಣ್ಣುಮಗಳು ಬಾಯಿಬಿಟ್ಟು ಹೇಳಿದ್ದಳು. ಅದನ್ನು ನಾನು ಅಯ್ಯನವರಿಗೆ ಹೇಳಲೇ ಇಲ್ಲ. ಮುಚ್ಚಿಟ್ಟದ್ದಲ್ಲ, ದೇವರಾಣೆ. ಅದು ನನ್ನ ಲೆಕ್ಕದಲ್ಲಿ ಇರಲೇ ಇಲ್ಲ.

‘ಏಳಕ್ಕಿಂತ ಮದ್ಲ ಆಗೂದಿಲ್ರಿ ಅಯ್ಯಾರ. ಖಾತ್ರಿ. ಕಾಯೂದು ಬ್ಯಾಡ’ ಎಂದೆ.

ಮೂರಕ್ಕೆ ಎತ್ತುವುದೆಂದಾಯಿತು. ಎತ್ತುವ ಮೊದಲು ಅಯ್ಯನವರು, ‘ಮುಖಾ ನೋಡ್ಕೊಳ್ಳೋರು ನೋಡ್ಕೊಳ್ರಿ’ ಎಂದು ಕೂಗಿ ಹೇಳಿದರಂತೆ. ನಾನಾಗ ಲಕ್ಷ್ಮಣಪ್ಪನ ಅಂಗಡಿಯಲ್ಲಿದ್ದೆ, ಕೊನೆಯದಾಗಿ ಒಂದು ಸಲ ವಿಚಾರಣೆಗೆ ಕೇಳಿಬಿಡೋಣ ಎಂದು. ನೇರ ವಿಮಾನ ಇನ್ನೂ ದೆಹಲಿಯ ನೆಲದ ಮೇಲೇ ಇತ್ತು. ನನ್ನ ಎರಡನೇ ಲೆಕ್ಕ ಸರಿಯಿದೆ ಎಂದು ಗೊತ್ತಾಗಿ ಹೊರಗೆ ಬಂದಾಗ ವಿಮಾನ ಹೆಗಲ ಮೇಲೇರಿ ಬೀದಿಯ ತಿರುವಿನಲ್ಲಿತ್ತು, ನಾನು ಕಂಡದ್ದು ಬೆನ್ನ ಕಡೆಯ ಬಾಳೆ ಎಲೆಗಳನ್ನು. ಓಡಿ ಹೋಗಿ ಹಿಂದಿನಿಂದ ಹೆಗಲು ಕೊಟ್ಟೆ.

ರೈಲ್ವೆ ಗೇಟು ದಾಟಿ, ಕೆರೆಯ ಆಚೆ ದಿಣ್ಣೆಯ ಮೇಲೆ ನಮ್ಮವರ ರುದ್ರಭೂಮಿ. ಮಲಕಪ್ಪ ಚೆಂದಾಗಿ ತೋಡಿದ್ದ, ಕೂರಿಸಲು ಒಳಗೊಂದು ಗೂಡು ಕೊರೆದಿದ್ದ. ಅಯ್ಯನವರೂ ಇಬ್ಬರು ಬಂಧುಗಳೂ ಇಳಿದು ಅವಳನ್ನು ಕೂರಿಸಿದರು. ವಿಭೂತಿ, ಪತ್ರೆ, ಉಪ್ಪು. ಗಂಡುಮಗನಿಲ್ಲ, ಮೊದಲ ಹಿಡಿ ಮಣ್ಣು ನೀವೇ ಹಾಕಿ ಎಂದರು. ಹಾಕಿದೆ. ಹಾಕುವಾಗ ಕೈಗಡಿಯಾರದಲ್ಲಿ ನಾಲ್ಕು ಐದು. ಮಣ್ಣು ತುಂಬಿ, ದಿಬ್ಬ ಮಾಡಿ, ಮೇಲೆ ಹೂವಿಟ್ಟು, ಅಯ್ಯನವರು ಕೈ ತೊಳೆಯುವಾಗ ನಾಲ್ಕೂವರೆ.

ಆಗ ಕೆರೆಯ ಏರಿಯ ಮೇಲೆ ಲಕ್ಷ್ಮಣಪ್ಪನ ಮೊಪೆಡ್ಡು ಬಂತು. ಹಿಂದೆ ಯಾರೋ ಹೆಂಗಸು ಕೂತಿದ್ದಳು. ಸುಮಂಗಲಾ ಇರಬೇಕು, ಮನೆಯಲ್ಲಿ ಮತ್ತೇನಾಯಿತೋ ಎಂದುಕೊಂಡೆ. ಮೊಪೆಡ್ಡು ನಿಲ್ಲುವ ಮೊದಲೇ ಅವಳು ಇಳಿದು ಓಡಿಬಂದಳು. ಚಪ್ಪಲಿ ಒಂದೇ ಕಾಲಲ್ಲಿತ್ತು. ದೆಹಲಿಯ ಚಳಿಗೆ ಹಾಕಿದ ಸ್ವೆಟರು ಇನ್ನೂ ಮೈಮೇಲೇ ಇತ್ತು. ಶೈಲಜಾ.

ನನ್ನ ಬಾಯಿಂದ ಮೊದಲು ಬಂದ ಮಾತೇನು ಗೊತ್ತೇ? ‘ಯಾವುದಕ್ಕ ಬಂದಿ?’

ಅವಳು ನನ್ನನ್ನು ನೋಡಲಿಲ್ಲ. ದಿಬ್ಬ ನೋಡಿದಳು, ಮಲಕಪ್ಪನ ಸಲಿಕೆ ನೋಡಿದಳು, ಸುತ್ತ ನಿಂತವರ ಕೈಗೆ ಹತ್ತಿದ ಮಣ್ಣು ನೋಡಿದಳು.

‘ಎಷ್ಟೊತ್ತಾತು?’

ಯಾರೋ ಹಿಂದಿನಿಂದ, ‘ಈಗಿನ್ನ… ಅರ್ಧಾ ತಾಸು ಆಗಿಲ್ಲವ್ವ’ ಎಂದರು.

‘ಮದ್ಲ ಬಿಟ್ಟದ್ದಕ್ಕ ಹತ್ತಿದೆ ಕಾಕಾ’ ಎಂದಳು. ದನಿ ಏರಿರಲಿಲ್ಲ, ಪಾಠ ಒಪ್ಪಿಸುವ ಹಾಗಿತ್ತು. ‘ನೀವು ಹೇಳಿದ್ದು ಕೇಳಿದ್ದೆ. ಹನ್ನೊಂದು ನಲವತ್ತು ಅಂತ. ಆದ್ರ ಅಲ್ಲೆ ಎರಡು ತಾಸು ಕುರ್ಚಿ ಮ್ಯಾಲೆ ಕುಂದ್ರಾಕ ನನ್ನ ಕಡಿಂದ ಆಗಲಿಲ್ಲ. ಬಾಗಿಲಾ ತಗದು ಕರದ್ರು, ಹತ್ತಿದೆ. ಅವ್ವನ ಕಡೆ ಹೊಂಟೀನಿ ಅನ್ನೂದಾದ್ರೂ ಇರತಿತ್ತಲ್ಲ. ಹತ್ತಿದ ಮ್ಯಾಲೆ ನಡುವ ಎಲ್ಲೂ ಕೆಳಗ ಬಿಡೂದಿಲ್ಲ ಅಂದ್ರು, ಅದಕ್ಕ ಹತ್ತೂಕಿಂತ ಮದ್ಲ ನಿಮಗ ಹೇಳೂಣಂತ ಫೋನ್ ಮಾಡಿದೆ. ಆರು ಸಲ ಮಾಡಿದೆ. ಎಂಗೇಜ್ ಇತ್ತು.’

ಲಕ್ಷ್ಮಣಪ್ಪ ನೆಲ ನೋಡಿದ. ಹದಿನೇಳು ವರ್ಷದಲ್ಲಿ ಎಷ್ಟು ಸಾವಿರ ಟಿಕೆಟ್ಟು ಮಾಡಿಸಿರಬಹುದು ನಾನು? ತಾಯಿ ಸತ್ತ ಸುದ್ದಿ ಕೇಳಿದವಳು ಮೊದಲು ಮುಟ್ಟುವ ವಿಮಾನಕ್ಕೆ ಕಾಯುವುದಿಲ್ಲ, ಮೊದಲು ಬಿಡುವ ವಿಮಾನ ಹತ್ತುತ್ತಾಳೆ. ಸುಮಂಗಲಾಗೆ ಹೊಳೆದದ್ದು, ಏಳನೇ ಕ್ಲಾಸು ಓದಿದ ಹೆಂಗಸಿಗೆ ಹೊಳೆದದ್ದು, ನನಗೆ ಹೊಳೆಯಲಿಲ್ಲ.

‘ಕಾಯೂದು ಬ್ಯಾಡ ಅಂತ ಯಾರು ಹೇಳಿದ್ರು?’

ಅಯ್ಯನವರು ಒಳ್ಳೆಯವರು. ‘ಹೊತ್ತು ಮುಣಗತಿತ್ತು ತಂಗಿ’ ಎಂದು ತಮ್ಮ ಮೇಲೆ ಹಾಕಿಕೊಳ್ಳಲು ನೋಡಿದರು. ಹೊತ್ತು ಇನ್ನೂ ತೆಂಗಿನ ಮರದ ಮೇಲಿತ್ತು.

‘ನಾನ ಹೇಳಿದೆ’ ಎಂದೆ.

ಅವಳು ಬೈಯುತ್ತಾಳೆ ಎಂದುಕೊಂಡೆ. ಕಪಾಳಕ್ಕೆ ಹೊಡೆದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ದಿಬ್ಬದ ಪಕ್ಕ ಕುಸಿದು ಕೂತು ಎರಡೂ ಕೈ ಮಣ್ಣಿನೊಳಗೆ ತೂರಿಸಿದಳು. ಮಲಕಪ್ಪನಿಗೆ ತಡೆಯಲಾಗಲಿಲ್ಲ. ಸಲಿಕೆ ಎತ್ತಿಕೊಂಡು ಮುಂದೆ ಬಂದ.

‘ಮಣ್ಣು ಇನ್ನಾ ಸಡ್ಲ ಐತ್ರಿ ಅಯ್ಯಾರ. ಮುಖದ ಮಟಾ ತೆಗದು ತೋರಸ್ತೀನಿ. ಒಂದ ಗಳಿಗಿ. ತೆಗೀಲೇನ್ರಿ?’

ಎಲ್ಲರೂ ಅಯ್ಯನವರ ಕಡೆ ತಿರುಗಿದರು. ಅವರು ಕಣ್ಣು ಮುಚ್ಚಿ ತಲೆ ಅಲ್ಲಾಡಿಸಿದರು.

‘ಬ್ಯಾಡಪಾ. ಲಿಂಗದಾಗ ಬೆರತ ಜೀವ. ಕೊಟ್ಟದ್ದನ್ನ ತಿರುಗಿ ಕೇಳಬಾರದು.’

ಶೈಲಜಾ ಹಟ ಮಾಡಲಿಲ್ಲ. ಮಲಕಪ್ಪ ಸಲಿಕೆ ಕೆಳಗಿಟ್ಟು ಮುಖ ತಿರುಗಿಸಿಕೊಂಡು ಅತ್ತ. ನನಗೂ ಆಗ ಅಳು ಬಂತು, ಬೆಳಗ್ಗೆಯಿಂದ ಬಾರದ್ದು. ಬಗ್ಗಿ ಅವಳ ಪಕ್ಕ ಕೂತೆ. ಅವಳೇ ಮಣ್ಣಿನಿಂದ ಒಂದು ಕೈ ತೆಗೆದು ನನ್ನ ಕೈ ಹಿಡಿದಳು. ಚಿಕ್ಕವಳಿದ್ದಾಗ ಸಂತೆಯಲ್ಲಿ ಹಿಡಿಯುತ್ತಿದ್ದ ಹಾಗೆ, ಎರಡು ಬೆರಳು ಮಾತ್ರ.

‘ಆಗ್ಲಿ ಕಾಕಾ. ನೀವಾದ್ರೂ ಇಡೀ ದಿನ ಅಕಿ ಹತ್ರ ಇದ್ರಲ್ಲ. ನೀವು ನೋಡೀರಲ್ಲ, ಅಷ್ಟ ಸಾಕು. ಹೇಳ್ರಿ ನನಗ. ಅವ್ವನ ಮುಖಾ ಹೆಂಗಿತ್ತು? ತ್ರಾಸ ಮಾಡ್ಕೊಂಡಂಗಿತ್ತೇನು, ಮಲಗಿದಂಗಿತ್ತೇನು? ಕಣ್ಣು ಪೂರ್ತಿ ಮುಚ್ಚಿದ್ವೇನು?’

ನಾನು ನೆನಪು ಮಾಡಿಕೊಂಡೆ. ಒಂಬತ್ತೂಕಾಲು ನೆನಪಾಯಿತು. ಹನ್ನೆರಡು ನೆನಪಾಯಿತು. ಗಡಿಯಾರದ ಗಾಜಿನ ಮೇಲಿನ ಬಿರುಕು ಕೂಡ ನೆನಪಾಯಿತು. ಅದರ ಕೆಳಗೆ ಕೂತಿದ್ದ ಮುಖ ಮಾತ್ರ ಬರಲಿಲ್ಲ. ಕೂರಿಸುವಾಗ ನಾನು ಹಿಂದೆ ಇದ್ದೆ. ಆಮೇಲೆ ಒಳಗೆ ಬಂದಾಗಲೆಲ್ಲ ಕಣ್ಣು ಹೋದದ್ದು ಅವಳ ತಲೆಯ ಮೇಲಿನ ಗಡಿಯಾರದ ಮುಳ್ಳುಗಳಿಗೆ. ಮುಖ ನೋಡಿಕೊಳ್ಳಿ ಎಂದು ಕೂಗಿದಾಗ ಫೋನಿನಲ್ಲಿದ್ದೆ. ಮಣ್ಣು ಹಾಕುವಾಗ ಕೈಗಡಿಯಾರ ನೋಡಿದೆ. ಇಡೀ ದಿನದಲ್ಲಿ ಒಂದು ಸಲ, ಒಂದೇ ಒಂದು ಸಲ, ನನ್ನ ಅತ್ತಿಗೆಯ ಮುಖವನ್ನು ನಾನು ನೋಡಿರಲಿಲ್ಲ.

ಮಲಗಿದಂಗಿತ್ತು ಎಂದುಬಿಡಬಹುದಿತ್ತು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಒಂದು ಸುಳ್ಳಿನಿಂದ ಯಾರ ಗಂಟು ಹೋಗುತ್ತಿತ್ತು? ಆದರೆ ಆವತ್ತು ಖಾತ್ರಿಯಿಲ್ಲದ್ದನ್ನು ಖಾತ್ರಿ ಎಂದು ಹೇಳಿ ಹೇಳಿ ನನ್ನ ನಾಲಿಗೆ ಸೋತುಹೋಗಿತ್ತು.

‘ನಾ ನೋಡಲಿಲ್ಲ ಶೈಲಾ’ ಎಂದೆ.

ಅವಳು ನನ್ನ ಮುಖ ನೋಡಿದಳು. ಆಮೇಲೆ ನನ್ನ ಬೆರಳು ಬಿಟ್ಟಳು.